ಎದೆಗೆ ಕಟ್ಟುವ ಹಾರ್ಟ್‌ರೇಟ್ ಬೆಲ್ಟು: ಸೈಕಲ್ಲಿಗೆ ಸರಿ, ಎದೆನೋವಿಗಲ್ಲ

ಶಿರಸಿ: ಪೇಟೆಯಲ್ಲಿ ಪರಿಚಯದವರು ಸಿಕ್ಕರೆ ಈಗ ನನ್ನ ಹತ್ರ ಕೇಳೋದು ಎರಡೇ ಪ್ರಶ್ನೆ. ಒಂದು, ಅಡಿಕೆ ರೇಟು ಇನ್ನೂ ಏರ್ತದಾ? ಇನ್ನೊಂದು, "ನೀ ಎದೆಗೆ ಒಂದು ಬೆಲ್ಟು ಕಟ್ಕಂಡು ಸೈಕಲ್ ಹೊಡಿತೆಯಲಾ, ಅದೆಂತದಾ ಮಾರಾಯಾ? ಅದ್ರಲ್ಲಿ ಹಾರ್ಟ್ ಅಟ್ಯಾಕ್ ಗೊತ್ತಾಗ್ತದಾ?" ಮೊದಲನೇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಎರಡನೇದಕ್ಕೆ ಇದೆ: ಗೊತ್ತಾಗೋದಿಲ್ಲ.

ಜನ ಕೇಳೋದರಲ್ಲಿ ತಪ್ಪೇನೂ ಇಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗಲೇ ಜಿಮ್‌ಗೆ ಹೋಗುವವರ ಮನೆಯಲ್ಲೆಲ್ಲ ಹೆದರಿಕೆ ಹೊಕ್ಕಿತ್ತು. 2025ರ ಜೂನ್‌ನಲ್ಲಿ ಹಾಸನದಿಂದ ದಿನಕ್ಕೊಂದು ಹೃದಯಾಘಾತದ ಸುದ್ದಿ ಬರತೊಡಗಿದ ಮೇಲೆ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆ ಎದುರು ಬೆಳಗಿನಿಂದಲೇ ಸರದಿ ನಿಂತಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಸಾವಿನ ಸಂಖ್ಯೆ ಅಸಹಜವಾಗಿ ಏರಿಲ್ಲ ಎಂದು ಮುಂದಿನ ತಿಂಗಳೇ ವರದಿ ಕೊಟ್ಟಿತು. ಹೆದರಿಕೆ ಮಾತ್ರ ಇಳಿಯಲಿಲ್ಲ. ಸ್ಮಾರ್ಟ್ ವಾಚು, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು, ಈಗ ಈ ಬೆಲ್ಟು, ಎಲ್ಲವನ್ನೂ ಜನ ಆನ್‌ಲೈನ್‌ನಲ್ಲಿ ತರಿಸ್ತಿದ್ದಾರೆ.

ಆದರೆ ಈ ಬೆಲ್ಟು ಹುಟ್ಟಿದ್ದು ಕಾಯಿಲೆಯವರಿಗಲ್ಲ, ಕ್ರೀಡಾಪಟುಗಳಿಗೆ. ಫಿನ್ಲೆಂಡ್‌ನಲ್ಲಿ ಹಿಮದ ಮೇಲೆ ಸ್ಕೀ ಮಾಡುವವರ ಹೃದಯ ಬಡಿತವನ್ನು ಓಡುವಾಗಲೇ ನೋಡಬೇಕು ಅಂತ ಅಲ್ಲಿನ ಔಲು ವಿಶ್ವವಿದ್ಯಾಲಯದ ಪ್ರೊಫೆಸರ್ ಒಬ್ಬರು ತಲೆ ಓಡಿಸಿದರು. ಅವರು 1977ರಲ್ಲಿ ಕಟ್ಟಿದ ಪೋಲಾರ್ ಕಂಪನಿ 1982ರಲ್ಲಿ ವೈರ್ ಇಲ್ಲದ ಮೊದಲ ಮಾನಿಟರ್ ತಂದಿತು. ಅಲ್ಲಿಯವರೆಗೆ ಕೋಚ್‌ಗಳು ಮಾಡ್ತಿದ್ದದ್ದು ಒಂದೇ: ಓಟ ನಿಲ್ಲಿಸಿ, ಕುತ್ತಿಗೆಗೆ ಬೆರಳು ಒತ್ತಿ, ಹತ್ತು ಸೆಕೆಂಡ್ ಎಣಿಸಿ, ಆರರಿಂದ ಗುಣಿಸೋದು. ಇದಕ್ಕೆ ಇವತ್ತಿಗೂ ಒಂದು ಪೈಸೆ ಖರ್ಚಿಲ್ಲ.

ನಮ್ಮ ಕಡೆಗೆ ಈ ಬೆಲ್ಟು ಬಂದದ್ದು ಟ್ರಯಥ್ಲಾನ್ ದೆಸೆಯಿಂದ. ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು, ನಡುವೆ ವಿಶ್ರಾಂತಿ ಇಲ್ಲದೆ ಮುಗಿಸುವ ಸ್ಪರ್ಧೆ ಅದು. ಕಾರವಾರ ದಾಟಿದರೆ ಸಿಗುವ ಗೋವಾದಲ್ಲೇ 2019ರಿಂದ 'ಐರನ್‌ಮ್ಯಾನ್ 70.3' ನಡೀತಿದೆ. ಪಣಜಿಯ ಮಿರಾಮಾರ್ ಬೀಚ್‌ನ ಸಮುದ್ರದಲ್ಲಿ 1.9 ಕಿ.ಮೀ. ಈಜು, ಆಮೇಲೆ 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಒಟ್ಟು 113 ಕಿ.ಮೀ., ಅಂದರೆ 70.3 ಮೈಲಿ. ಎಂಟೂವರೆ ತಾಸಿನೊಳಗೆ ಮುಗಿಸಬೇಕು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರ ಅಕ್ಟೋಬರ್ 27ರಂದು 8 ಗಂಟೆ 27 ನಿಮಿಷದಲ್ಲಿ ಮುಗಿಸಿದಾಗ ಟಿವಿಯಲ್ಲೆಲ್ಲ ಬಂತು. ಅದನ್ನು ನೋಡಿ 'ನಾವೂ ಒಂದು ಕೈ ನೋಡಣ' ಅಂತ ಹೊರಟ ಹುಡುಗರಲ್ಲಿ ನಾನೂ ಒಬ್ಬ. ಡಿಗ್ರಿ ಅರ್ಧಕ್ಕೆ ಬಿಟ್ಟವ ಇದನ್ನಾದರೂ ಮುಗಿಸ್ತಾನಾ ಅಂತ ಮನೆಯಲ್ಲಿ ಕೇಳ್ತಾರೆ. ಇನ್ನೂ ಮುಗಿಸಿಲ್ಲ, ಹೆಸರೂ ಕೊಟ್ಟಿಲ್ಲ. ಬೆಲ್ಟು ಮಾತ್ರ ತಗೊಂಡಾಯ್ತು.

ಒಳಗೆ ಏನಿದೆ?

ಎರಡು ಭಾಗ. ಒಂದು ಎಲಾಸ್ಟಿಕ್ ಪಟ್ಟಿ. ಒಳಮೈಯಲ್ಲಿ ರಬ್ಬರ್‌ನಂತೆ ಕಾಣುವ, ಕರೆಂಟ್ ಹರಿಯುವ ಎರಡು ತುಂಡು ಇರ್ತವೆ. ಇನ್ನೊಂದು, ಅಂಗಿಯ ಟಿಚ್ ಬಟನ್ ತರ ಅದಕ್ಕೆ ಕೂರುವ ಪುಟ್ಟ ಡಬ್ಬಿ. ಹೃದಯ ಪ್ರತಿ ಸಲ ಹಿಂಡಿಕೊಳ್ಳುವಾಗ ಒಂದು ಸಣ್ಣ ಕರೆಂಟು ಹುಟ್ಟುತ್ತದೆ. ಎದೆಯ ಚರ್ಮದ ಮೇಲೆ ಅದು ಒಂದು ಮಿಲಿವೋಲ್ಟ್ ಆಸುಪಾಸು, ಗೋಡೆ ಗಡಿಯಾರದ ಶೆಲ್ಲಿನ ಸಾವಿರದೈನೂರರಲ್ಲಿ ಒಂದು ಪಾಲು. ಬೆಲ್ಟು ಆ ಕರೆಂಟಿನ ಎರಡು ಏರುಗಳ ನಡುವೆ ಎಷ್ಟು ಹೊತ್ತು ಹೋಯ್ತು ಅಂತ ಅಳೀತದೆ. ಒಂದು ಸೆಕೆಂಡ್ ಇದ್ದರೆ ನಿಮಿಷಕ್ಕೆ 60, ಅರ್ಧ ಸೆಕೆಂಡ್ ಇದ್ದರೆ 120. ಆ ಲೆಕ್ಕವನ್ನು ಬ್ಲೂಟೂತ್‌ನಲ್ಲಿ ಮೊಬೈಲಿಗೋ ವಾಚಿಗೋ ಕಳಿಸ್ತದೆ. ಇಷ್ಟೇ ಅದರ ಕೆಲಸ. ಬಿಪಿ ನೋಡೋದಿಲ್ಲ, ಶುಗರ್ ನೋಡೋದಿಲ್ಲ, ರಕ್ತನಾಳದಲ್ಲಿ ಬ್ಲಾಕ್ ಇದೆಯಾ ಅಂತ ನೋಡೋದಿಲ್ಲ.

ಹಾಗಾದ್ರೆ ಕೈಯಲ್ಲಿರೋ ವಾಚು ಸಾಕಲ್ಲ ಅಂತ ಕೇಳಬಹುದು. ವಾಚಿನ ವಿದ್ಯೆಯೇ ಬೇರೆ. ಅದರ ಹಿಂದೆ ಹಸಿರು ದೀಪ ಮಿನುಗ್ತದಲ್ಲ, ಆ ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತ ಹೆಚ್ಚು ಕಡಿಮೆ ಆಗ್ತದೆ, ವಾಪಸ್ ಬರುವ ಬೆಳಕೂ ಹಾಗೇ ಬದಲಾಗ್ತದೆ. ಸುಮ್ಮನೆ ಕೂತಾಗ ಇದು ಚೆನ್ನಾಗೇ ಕೆಲಸ ಮಾಡ್ತದೆ. ಕೈ ಅಲ್ಲಾಡಿದರೆ, ಪಟ್ಟಿ ಸಡಿಲಾದರೆ, ಚಳಿಗೆ ಕೈ ತಣ್ಣಗಾದರೆ ಲೆಕ್ಕ ತಪ್ಪುತ್ತದೆ. ದೇವಿಮನೆ ಘಟ್ಟ ಹತ್ತುವಾಗ ಒಂದು ದಿನ ಎರಡನ್ನೂ ಕಟ್ಟಿ ನೋಡಿದೆ. ಬಾಯಲ್ಲಿ ಉಸಿರು ಬಿಡುತ್ತಾ ಹ್ಯಾಂಡಲ್ ಗಟ್ಟಿ ಹಿಡಿದಿದ್ದೆ. ಬೆಲ್ಟು 168 ತೋರಿಸ್ತು, ವಾಚು 97. ವಾಚಿನ ಪ್ರಕಾರ ನಾನು ಚಾ ಕುಡೀತಾ ಕೂತಿದ್ದೆ! ಓಡುವಾಗ ಇದರ ಉಲ್ಟಾ ಆಗೋದೂ ಇದೆ, ವಾಚು ಹೃದಯದ ಬದಲು ಹೆಜ್ಜೆಯನ್ನೇ ಎಣಿಸಿ 170, 175 ಅಂತ ತೋರಿಸಿಬಿಡ್ತದೆ.

ಬೆಲ್ಟಿನದೂ ಕಿರಿಕಿರಿ ಇಲ್ಲದಿಲ್ಲ. ಒಣಗಿದ ಚರ್ಮಕ್ಕೆ ಒಣ ಬೆಲ್ಟು ಕಟ್ಟಿ, ಮೇಲೆ ನೈಲಾನ್ ಅಂಗಿ ಹಾಕಿ ಹೊರಟರೆ ಮೊದಲ ಐದು ನಿಮಿಷ 210, 220 ಅಂತ ಹುಚ್ಚು ನಂಬರ್ ಬರ್ತದೆ. ನಾನು ಮೊದಲ ದಿನ ಹೆದರಿ ರಸ್ತೆ ಪಕ್ಕ ಕೂತೇಬಿಟ್ಟಿದ್ದೆ. ಬೆವರು ಬಂದ ಮೇಲೆ ತಾನೇ ಸರಿಯಾಯ್ತು. ಕಟ್ಟುವ ಮೊದಲು ಆ ಎರಡು ತುಂಡುಗಳಿಗೆ ನೀರು ಹಚ್ಚಬೇಕು, ಅಷ್ಟೇ. ಎದೆಯ ಮಾಂಸಖಂಡದ ಕೆಳಗೆ, ಜಾರದಷ್ಟು ಬಿಗಿಯಾಗಿ, ಉಸಿರು ಕಟ್ಟದಷ್ಟು ಸಡಿಲವಾಗಿ ಇರಬೇಕು.

ನೀರೊಳಗೆ ಬ್ಲೂಟೂತ್ ಸಿಗ್ನಲ್ ದಾಟೋದಿಲ್ಲ, ನೀರೇ ಅದನ್ನು ನುಂಗಿಬಿಡ್ತದೆ. ಅದಕ್ಕೆ ಟ್ರಯಥ್ಲಾನ್‌ಗೆ ಅಂತ ಮಾಡಿದ ಬೆಲ್ಟುಗಳು ಈಜುವಷ್ಟು ಹೊತ್ತಿನ ಲೆಕ್ಕವನ್ನು ತಮ್ಮೊಳಗೇ ಇಟ್ಟುಕೊಂಡು ಮೇಲೆ ಬಂದ ಮೇಲೆ ವಾಚಿಗೆ ಕೊಡ್ತವೆ. ಕಡಿಮೆ ರೇಟಿನವುಗಳಲ್ಲಿ ಸಾಮಾನ್ಯವಾಗಿ ಈ ವ್ಯವಸ್ಥೆ ಇರೋದಿಲ್ಲ, ತಗೊಳ್ಳುವ ಮೊದಲು ನೋಡಿ. ಇನ್ನೊಂದು ಮಾತು: ಈಜು ಪ್ರಾಕ್ಟೀಸ್ ಅಂತ ಮಳೆಗಾಲದಲ್ಲಿ ಹೊಳೆಗೆ ಇಳೀಬೇಡಿ. ಮುಳುಗಿದವರ ಸುದ್ದಿ ಬರೆದೂ ಬರೆದೂ ನನಗೆ ಸಾಕಾಗಿದೆ.

ನಂಬರ್ ಇಟ್ಕಂಡು ಏನು ಮಾಡೋದು?

ಹೊಸಬರು ಎಲ್ಲರೂ ಮಾಡುವ ತಪ್ಪು ದಿನಾ ಜೋರಾಗಿ ಓಡೋದು. ಎಂಟು ತಾಸಿನ ಸ್ಪರ್ಧೆಗೆ ತಯಾರಾಗುವವರು ಹೆಚ್ಚಿನ ದಿನ ನಿಧಾನವೇ ಹೋಗಬೇಕು. ನಿಧಾನ ಅಂದರೆ ಎಷ್ಟು ಅಂತ ಹೇಳೋದಕ್ಕೆ ಬೆಲ್ಟು. 220ರಲ್ಲಿ ವಯಸ್ಸು ಕಳೆದರೆ ಹೃದಯದ ಗರಿಷ್ಠ ಬಡಿತ ಅಂತ ಒಂದು ಹಳೆಯ ಲೆಕ್ಕ ಇದೆ. 2001ರಲ್ಲಿ ಬಂದ ಇನ್ನೊಂದು ಲೆಕ್ಕ, ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಿರಿ ಅನ್ನುತ್ತದೆ. ನಲವತ್ತರವರಿಗೆ ಎರಡರಲ್ಲೂ 180 ಬರ್ತದೆ. ಅರವತ್ತರವರಿಗೆ ಒಂದರಲ್ಲಿ 160, ಇನ್ನೊಂದರಲ್ಲಿ 166. ಎರಡೂ ಸರಾಸರಿ ಲೆಕ್ಕ, ಒಬ್ಬೊಬ್ಬರಲ್ಲಿ ಹತ್ತು-ಹನ್ನೆರಡು ಆಚೀಚೆ ಆಗೋದು ಮಾಮೂಲು. ಗರಿಷ್ಠದ ನೂರಕ್ಕೆ 60ರಿಂದ 70 ಅಂದರೆ ನಿಧಾನದ ಅಭ್ಯಾಸ. ನಲವತ್ತರವರಿಗೆ ಅದು 108ರಿಂದ 126. ಬೆಲ್ಟು ಇಲ್ಲದೆಯೂ ತಿಳೀಬಹುದು: ಪಕ್ಕದವರ ಹತ್ರ ಪೂರ್ತಿ ವಾಕ್ಯ ಮಾತಾಡಲು ಆಗ್ತಿದ್ದರೆ ನಿಧಾನ ಅಂತಲೇ ಅರ್ಥ.

ಹವೆಯ ಲೆಕ್ಕವೂ ಇದೆ. ಡಿಸೆಂಬರ್ ಬೆಳಗಿನ ಯಲ್ಲಾಪುರದ ಚಳಿಯಲ್ಲಿ 140 ಇದ್ದವನ ಬಡಿತ, ಅದೇ ವೇಗಕ್ಕೆ ಕುಮಟಾದ ಸೆಕೆಯಲ್ಲಿ 150 ದಾಟ್ತದೆ. ಮೈ ತಣಿಸಲು ರಕ್ತ ಚರ್ಮದ ಕಡೆ ಹರೀಬೇಕು, ಬೆವರಲ್ಲಿ ನೀರೂ ಹೋಗ್ತದೆ, ಹೃದಯ ಹೆಚ್ಚು ಸಲ ಹೊಡೀಲೇಬೇಕು. ಗೋವಾಕ್ಕೆ ಹೋಗುವವರು ಘಟ್ಟದ ಮೇಲಷ್ಟೇ ಅಭ್ಯಾಸ ಮಾಡಿದರೆ ಅಲ್ಲಿ ಸೋಲೋದು ಹೀಗೆ.

ತಮಾಷೆಗೆ ಅಂತ ನಮ್ಮ ಮನೆ ಕೊನೆಗೌಡರಿಗೆ ಒಂದು ದಿನ ಬೆಲ್ಟು ಕಟ್ಟಿದೆ. ವಯಸ್ಸು ಐವತ್ತರ ಮೇಲೆ. ಮರದ ತುದಿಗೆ ಹೋದಾಗ 151. ಇಳಿದು ಒಂದು ನಿಮಿಷ ನಿಂತಾಗ 112. ನನ್ನದು ಗುಡ್ಡ ಹತ್ತಿ ನಿಂತ ಮೇಲೆ ಒಂದು ನಿಮಿಷಕ್ಕೆ ಇಪ್ಪತ್ತೈದೂ ಇಳಿಯೋದಿಲ್ಲ. ನಿಂತ ಮೇಲೆ ಬಡಿತ ಎಷ್ಟು ಬೇಗ ಇಳೀತದೋ ಹೃದಯ ಅಷ್ಟು ಪಳಗಿದೆ ಅಂತ ಲೆಕ್ಕ. "ತಮಾ, ಇದ್ಕೆ ದುಡ್ಡು ಎಷ್ಟ್ ಕೊಟ್ಯಾ?" ಅಂದರು. ಹೇಳಿದೆ. ನಕ್ಕು ಮುಂದಿನ ಮರ ಹತ್ತಿದರು.

ರೇಟು ಎರಡೂವರೆ-ಮೂರು ಸಾವಿರದಿಂದ ಶುರುವಾಗಿ ಹೆಸರಾಂತ ಕಂಪನಿಯದಾದರೆ ಎಂಟು-ಹತ್ತು ಸಾವಿರದವರೆಗೆ ಇದೆ. ಮೊಬೈಲ್ ಅಂಗಡಿಯವರಿಗೆ ಒಂದು ಮಾತು: ಹೆಚ್ಚಿನವು ನಡೆಯೋದು ಸಿಆರ್2032 ಅಥವಾ ಸಿಆರ್2025 ಬಟನ್ ಶೆಲ್ಲಿನಲ್ಲಿ. ಎರಡರ ದಪ್ಪ ಬೇರೆ, ಒಂದರ ಜಾಗಕ್ಕೆ ಇನ್ನೊಂದು ತುರುಕಿದರೆ ಮುಚ್ಚಳ ಸರಿ ಕೂರದೆ ನೀರು ಒಳಗೆ ಹೋಗ್ತದೆ. 'ತಿಂಗಳಲ್ಲೇ ಶೆಲ್ ಖಾಲಿ' ಅಂತ ಗಿರಾಕಿ ತಂದರೆ ಡಬ್ಬಿಯನ್ನು ಬೆಲ್ಟಿಗೇ ಸಿಕ್ಕಿಸಿ ಇಡ್ತಾರಾ ಕೇಳಿ. ನಮ್ಮ ಮಳೆಗಾಲದಲ್ಲಿ ಒದ್ದೆ ಬೆಲ್ಟು ನಾಲ್ಕು ದಿನವಾದರೂ ಒಣಗೋದಿಲ್ಲ, ಹಸಿ ಇರೋವರೆಗೂ ಡಬ್ಬಿ ತಾನು ಎದೆ ಮೇಲೆ ಇದ್ದೇನೆ ಅಂತಲೇ ತಿಳೀತದೆ. ಬಿಚ್ಚಿ, ಬೆಲ್ಟನ್ನು ಸಾದಾ ನೀರಲ್ಲಿ ತೊಳೆದು ಗಾಳಿಗೆ ಹಾಕಬೇಕು. ಬಚ್ಚಲೊಲೆ ಮೇಲೆ ನೇತುಹಾಕಿದರೆ ಎಲಾಸ್ಟಿಕ್ ಹೋಗ್ತದೆ, ನನ್ನ ಮೊದಲ ಬೆಲ್ಟು ಹೋದದ್ದು ಹಾಗೇ.

ನಂಬರ್ 84 ಇತ್ತು

ಈ ಬರಹಕ್ಕೆ ಕಾರಣವಾದ ಸಂಗತಿ ಈಗ ಹೇಳ್ತೇನೆ. ಪರಿಚಯದ ಅಂಗಡಿಕಾರರೊಬ್ಬರು, ಐವತ್ತೈದರ ಆಸುಪಾಸು, ಬಿಪಿ ಮಾತ್ರೆ ತಗೊಳ್ಳುವವರು. ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಎದೆ ಬಿಗಿದಂತಾಯ್ತಂತೆ, ಎಡದ ದವಡೆಯೂ ನೋಯ್ತಿತ್ತಂತೆ. ನನಗೆ ಫೋನ್ ಮಾಡಿ "ನಿನ್ನ ಬೆಲ್ಟು ತಗಂಡು ಬಾರಾ" ಅಂದರು. ಹೋದೆ, ಕಟ್ಟಿದೆ. 84. "ಅಣ್ಣಾ, ನಾರ್ಮಲ್ ಇದ್ದು" ಅಂತ ನಾನೇ ಹೇಳಿದ್ದು. ಗ್ಯಾಸು ಅಂತ ಸೋಡಾ ಕುಡಿದು ಗಲ್ಲಾ ಮೇಲೆ ಕೂತರು. ಮಧ್ಯಾಹ್ನ ಬೆವರಿ ಒರಗಿದಾಗ ಮಗ ಆಸ್ಪತ್ರೆಗೆ ಒಯ್ದ. ಇಸಿಜಿ ನೋಡಿದ ಕೂಡಲೇ ಡಾಕ್ಟರಿಗೆ ಗೊತ್ತಾಯ್ತು. ಅಲ್ಲಿಂದ ಹುಬ್ಬಳ್ಳಿ, ಸ್ಟೆಂಟು. ಬದುಕಿದ್ದಾರೆ. ಆದರೆ ಆ ಮೂರು ತಾಸು ಹೋಗಿದ್ದು ನನ್ನ ಮಾತಿಂದ.

ಹೃದಯಾಘಾತ ಅಂದರೆ ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಳ್ಳೋದು. ಆಗಲೂ ಬಡಿತ 70, 80, 90 ಇರಬಹುದು. ಆಸ್ಪತ್ರೆಯ ಇಸಿಜಿ ಹತ್ತು ಕಡೆ ವೈರ್ ಹಚ್ಚಿ ಹೃದಯವನ್ನು ಹನ್ನೆರಡು ದಿಕ್ಕಿನಿಂದ ನೋಡ್ತದೆ, ಕರೆಂಟಿನ ಗೆರೆಯ ಆಕಾರ ಕೆಟ್ಟಿದೆಯಾ ಅಂತ ಡಾಕ್ಟರ್ ಓದ್ತಾರೆ. ಬೆಲ್ಟು ಒಂದೇ ದಿಕ್ಕಿನಿಂದ ಬಡಿತ ಎಣಿಸಿ ಗೆರೆಯನ್ನು ಬಿಸಾಕ್ತದೆ.

ಅವರ ವಿಷಯದಲ್ಲಿ ಇನ್ನೊಂದು ಇತ್ತು, ಆಮೇಲೆ ತಿಳಿದದ್ದು. ಅವರು ತಗೊಳ್ತಿದ್ದ ಬಿಪಿ ಮಾತ್ರೆ ಮೆಟೊಪ್ರೊಲಾಲ್. ಅದು, ಅಟೆನೊಲಾಲ್, ಇವೆಲ್ಲ ಹೃದಯದ ಬಡಿತವನ್ನೇ ತಗ್ಗಿಸುವ ಜಾತಿಯ ಮಾತ್ರೆಗಳು. ಇವನ್ನು ತಗೊಳ್ಳುವವರಿಗೆ 220ರ ಲೆಕ್ಕ, ನಿಧಾನ-ಜೋರು ಲೆಕ್ಕ ಯಾವುದೂ ಹೊಂದೋದಿಲ್ಲ, ಎಷ್ಟೇ ಸುಸ್ತಾದರೂ ನಂಬರ್ ಮೇಲೆ ಹೋಗದೇ ಇರಬಹುದು. ನಂಬರ್ ಹತ್ತಿಸ್ತೇನೆ ಅಂತ ಮಾತ್ರೆ ಬಿಡೋದು ಇನ್ನೂ ಅಪಾಯ. ಪೇಸ್‌ಮೇಕರ್ ಹಾಕಿಸಿಕೊಂಡವರು ಬೆಲ್ಟು ಕಟ್ಟುವ ಮೊದಲು ತಮ್ಮ ಡಾಕ್ಟರನ್ನೇ ಕೇಳಬೇಕು.

ಎದೆ ಬಿಗಿತ, ದವಡೆಗೋ ಎಡಗೈಗೋ ಹರಿಯುವ ನೋವು, ತಣ್ಣನೆ ಬೆವರು, ಕಾರಣವಿಲ್ಲದ ಉಬ್ಬಸ. ಇವು ಬಂದರೆ ನಂಬರ್ ನೋಡಬೇಡಿ, 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಇದ್ದವರಿಗೆ, ಹೆಂಗಸರಿಗೆ ಕೆಲವೊಮ್ಮೆ ನೋವೇ ಇರೋದಿಲ್ಲ, ಸುಸ್ತು, ವಾಕರಿಕೆ ಅಷ್ಟೇ ಇರ್ತದೆ. ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ಹೋರಾಟ ಆಯ್ತು ಎಲ್ಲರಿಗೂ ಗೊತ್ತು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿ.ಮೀ. ಹತ್ತಿರ, ಸಿದ್ದಾಪುರದವರಿಗೆ ಶಿವಮೊಗ್ಗವೂ ಕಡಿಮೆ ದೂರ ಅಲ್ಲ. ಅದಕ್ಕೇ ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ರಾಜ್ಯ ಸರ್ಕಾರದ 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆ ಇರೋದು ಇದಕ್ಕೇ: ಊರಿನ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ನೋಡಿ ಹೇಳ್ತಾರೆ, ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಟ್ಟು ಮುಂದೆ ಕಳಿಸ್ತಾರೆ. ಸಾವಿರಾರು ರೂಪಾಯಿಯ ಆ ಇಂಜೆಕ್ಷನ್ ಕೆಲಸ ಮಾಡೋದು ಮೊದಲ ಕೆಲವು ತಾಸಿನಲ್ಲಿ ಕೊಟ್ಟರೆ.

ಆ ಅಂಗಡಿಯವರು ಈಗ ಡಾಕ್ಟರ್ ಹೇಳಿದಂತೆ ದಿನಾ ಬೆಳಿಗ್ಗೆ ಮಾರಿಕಾಂಬಾ ಕ್ರೀಡಾಂಗಣದಲ್ಲಿ ನಡೀತಾರೆ. ಮೊನ್ನೆ ಜೊತೆಗೆ ಎರಡು ಸುತ್ತು ಹಾಕಿದೆ. ನನ್ನ ಎದೆಯಲ್ಲಿ ಬೆಲ್ಟು ಇತ್ತು, ಅವರು ಎಷ್ಟು ಅಂತ ಕೇಳಲಿಲ್ಲ. ಎರಡೂ ಸುತ್ತು ಅಡಿಕೆ ರೇಟಿನದೇ ಮಾತು.