ವಾಲ್ವಿನ ಲಗಾಮು

ಕನ್ನಡ ಪಾಠ ಹೇಳುವವನಿಗೆ ರೇಡಿಯೋ ವಾಲ್ವುಗಳ ಗೊಡವೆ ಏಕೆಂದು ಓದುಗರು ಕೇಳಬಹುದು. ಅದು ನಾನಾಗಿ ಬಯಸಿದ ಗೊಡವೆಯಲ್ಲ. ಭಾಲ್ಕಿಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಮುತ್ಯಾನ ರೇಡಿಯೋ ಒಂದು ಬಹುಕಾಲದಿಂದ ಧೂಳು ಹೊದ್ದು ಮಲಗಿತ್ತು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಮುತ್ಯಾ ಅದನ್ನು ಕೊಂಡದ್ದು ಮರುವರುಷ. ಧಾರವಾಡದ ಆಕಾಶವಾಣಿ 1950ರಿಂದಲೇ ನುಡಿಯುತ್ತಿತ್ತು. ಉರ್ದು ಶಾಲೆಯಲ್ಲಿ ಅಕ್ಷರ ಕಲಿತಿದ್ದ ನನ್ನ ತಂದೆಯವರ ಕಿವಿಗೆ ಗ್ರಂಥಸ್ಥ ಕನ್ನಡ ಮೊದಲು ಬಿದ್ದದ್ದು ಆ ಪೆಟ್ಟಿಗೆಯಿಂದ. ಎಂಬತ್ತು ದಾಟಿದ ಅವರು ಈಚೆಗೆ, "ಅದರ ದನಿ ಇನ್ನೊಮ್ಮೆ ಕೇಳಬೇಕಪ್ಪಾ" ಎಂದರು.

ಬೀದರಿಗೆ ತಂದು, ಹಿಂದುಮುಂದು ನೋಡದೆ ವಿದ್ಯುತ್ತಿಗೆ ಹಚ್ಚಿದೆ. ಒಂದು ನಿಮಿಷ ಗೊಗ್ಗರು ದನಿ. ಆಮೇಲೆ ಮೇಣ ಸುಟ್ಟ ವಾಸನೆ. ಆರಿಸುವಷ್ಟರಲ್ಲಿ ಬೆವರಿದ್ದೆ.

ವೃದ್ಧ ಮಿಸ್ತ್ರಿಯೊಬ್ಬರು ಮೀಟರು ಹಚ್ಚಿ ನೋಡಿ, "ಸರ್, ಇದರ ಲಗಾಮ ಹರದದರೀ" ಎಂದರು. ಅವರು ಹೇಳಿದ್ದು ಬಯಾಸು ಎಂಬುದನ್ನು. ಪದಕೋಶ ರಚಿಸುವವರು ಇಂಥವರ ಬಳಿ ಒಂದು ತಾಸು ಕುಳಿತರೆ ಒಳ್ಳೆಯದು.

ಧ್ವನಿಯನ್ನು ಸ್ಪೀಕರಿಗೆ ತಲುಪಿಸುವ ವಾಲ್ವು ಇದರಲ್ಲಿ ಇ.ಎಲ್. 84. ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳನ್ನು 250 ವೋಲ್ಟಿನ ಪ್ಲೇಟು ಸೆಳೆಯುತ್ತದೆ. ನಡುವಿನ ಗ್ರಿಡ್ಡು ಕ್ಯಾಥೋಡಿಗಿಂತ ಸುಮಾರು 7.3 ವೋಲ್ಟ್ ಋಣವಾಗಿದ್ದರೆ ಪ್ಲೇಟಿನಲ್ಲಿ 48 ಮಿಲಿಆಂಪಿಯರ್ ಹರಿಯುತ್ತದೆ. ಋಣ ಕಡಿಮೆಯಾದರೆ ವಾಲ್ವು ಕೆಂಡವಾಗುತ್ತದೆ. ಅತಿಯಾದರೆ ಮಾತು ಹರಿದು ಚಿಂದಿಯಾಗುತ್ತದೆ.

ಆದಿಕಾಲದ ರೇಡಿಯೋಗಳಲ್ಲಿ ಈ ಋಣಕ್ಕೆಂದೇ ಬೇರೆ ಬ್ಯಾಟರಿಯಿರುತ್ತಿತ್ತು. ಮುತ್ಯಾನ ಪೆಟ್ಟಿಗೆಯಲ್ಲಿರುವುದು ಕ್ಯಾಥೋಡಿನ ಕೆಳಗೆ 135 ಓಮಿನ ಪುಟ್ಟ ರೆಸಿಸ್ಟರು. ಪ್ಲೇಟಿನ ಪ್ರವಾಹವೂ ಸ್ಕ್ರೀನಿನ 5.5 ಮಿಲಿಆಂಪಿಯರೂ ಅದರಲ್ಲಿಯೇ ಹಾಯ್ದು ಕ್ಯಾಥೋಡನ್ನು ಏಳು ವೋಲ್ಟಿಗಿಂತ ತುಸು ಮೇಲಕ್ಕೆತ್ತುತ್ತವೆ. ನೆಲದ ಮಟ್ಟದಲ್ಲಿರುವ ಗ್ರಿಡ್ಡು ತಾನಾಗಿ ಋಣವಾಗುತ್ತದೆ. ಪ್ರವಾಹ ಹೆಚ್ಚಿದರೆ ಋಣವೂ ಹೆಚ್ಚುತ್ತದೆ. ಕುದುರೆ ಓಡಿದಷ್ಟೂ ತಾನೇ ಬಿಗಿಯುವ ಲಗಾಮು! ಧ್ವನಿಯ ಏರಿಳಿತವನ್ನೂ ಅದು ಬಿಗಿಯಬಾರದೆಂದು ಪಕ್ಕದಲ್ಲಿ ದೊಡ್ಡ ಕಂಡೆನ್ಸರೊಂದನ್ನು ಇಟ್ಟಿರುತ್ತಾರೆ.

ಔರಾದಿನ ಕಡೆಯ ನಮ್ಮ ಸೋದರಮಾವನ ಹಳ್ಳಿಗೆ ಆಗ ವಿದ್ಯುತ್ತಿರಲಿಲ್ಲ. ಅವರದು ಬ್ಯಾಟರಿ ರೇಡಿಯೋ. ಅದರ ವಾಲ್ವುಗಳಲ್ಲಿ ಕಾಯುವ ಎಳೆಯೇ ಕ್ಯಾಥೋಡಾದುದರಿಂದ, ರೆಸಿಸ್ಟರನ್ನು 90 ವೋಲ್ಟ್ ಬ್ಯಾಟರಿಯ ಋಣ ತಂತಿಯಲ್ಲಿಯೇ ಕೂಡಿಸುತ್ತಿದ್ದರು. ಬ್ಯಾಟರಿ ಸೋತಂತೆ ಪ್ರವಾಹ ಇಳಿಯುತ್ತಿತ್ತು. ಅದರೊಡನೆ ಲಗಾಮೂ ಸಡಿಲುತ್ತಿತ್ತು. ಮುದಿ ಕುದುರೆಗೆ ತಕ್ಕ ಸವಾರ.

ನಮ್ಮ ಪೆಟ್ಟಿಗೆಯಲ್ಲಿ ಕೆಟ್ಟದ್ದು ರೆಸಿಸ್ಟರಲ್ಲ. ಹಿಂದಿನ ವಾಲ್ವಿನಿಂದ ಧ್ವನಿಯನ್ನಷ್ಟೇ ದಾಟಿಸಬೇಕಾದ ಕಾಗದದ ಕಂಡೆನ್ಸರು ಸೋರುತ್ತಿತ್ತು. ಆ ವಾಲ್ವಿನ ಪ್ಲೇಟಿನ ಧನ ವೋಲ್ಟೇಜು ಗ್ರಿಡ್ಡಿಗೆ ನುಸುಳಿ ಋಣವನ್ನು ನುಂಗಿತ್ತು. ಇನ್ನಷ್ಟು ಹೊತ್ತು ಬಿಟ್ಟಿದ್ದರೆ, ಇಂದು ಸುಲಭವಾಗಿ ಸಿಕ್ಕದ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಡುತ್ತಿತ್ತು.

ಮಿಸ್ತ್ರಿ ಕಂಡೆನ್ಸರು ಬದಲಿಸಿದರು; ಸಾಲಿನಲ್ಲಿ ಬಲ್ಬೊಂದನ್ನು ಸೇರಿಸಿ ಮೆಲ್ಲನೆ ಹೊತ್ತಿಸಿದರು. ಕ್ಯಾಥೋಡಿನಲ್ಲಿ ಏಳು ವೋಲ್ಟ್. ಹಿಂಬದಿಯ ಗ್ರಾಮಫೋನ್ ತೂತಿಗೆ ಮೊಬೈಲಿನ ತಂತಿ ಸಿಕ್ಕಿಸಿ ಹಳೆಯ ಹಾಡೊಂದನ್ನು ಹಚ್ಚಿದೆ. ತಂದೆಯವರು ಕಣ್ಣು ಮುಚ್ಚಿ ಕೇಳಿದರು.

"ದನಿ ಅದೇ ಅದ. ಧಾರವಾಡ ಹತ್ತತದೇನು ನೋಡು."

ಕತ್ತಲಾಗುವವರೆಗೆ ಗುಂಡಿ ತಿರುಗಿಸುತ್ತ ಕುಳಿತೆ.