ಕಪ್ಪೆ ಬೇಡ ಸರಿ, ಕೈಗೆ ಕೆಲಸವೂ ಬೇಡವೇ?

ಮಕ್ಕಳು ಏಳನೇ ತರಗತಿಗೆ ಬಂದರೆಂದರೆ ಇಲ್ಲಿಯ ಶಾಲೆಗಳಿಂದ ಮನೆಗೊಂದು ಕಾಗದ ಬರುವುದುಂಟು: ಜೀವವಿಜ್ಞಾನದ ಪಾಠದಲ್ಲಿ ಕಪ್ಪೆಯನ್ನು ಕೊಯ್ದು ನೋಡುವುದಿದೆ, ನಿಮ್ಮ ಒಪ್ಪಿಗೆ ಬೇಕು ಎಂದು. ಮೊಟ್ಟೆಯನ್ನೂ ಮನೆಯೊಳಗೆ ತರದ ಸಂಸಾರಗಳು ನಮ್ಮಲ್ಲಿ ಹಲವು. ಅಂಥಲ್ಲಿ ಗಲಿಬಿಲಿಯಾಗುವುದು ಸಹಜವೇ.

ಬೇಡವೆನ್ನಲು ಅಂಜಬೇಕಿಲ್ಲ. 1985ರಲ್ಲಿ ಫ್ಲಾರಿಡಾ, 1988ರಲ್ಲಿ ಕ್ಯಾಲಿಫೋರ್ನಿಯ ಇದಕ್ಕೆಂದೇ ಕಾನೂನು ಮಾಡಿದವು; ಬೇರೆ ರಾಜ್ಯಗಳೂ ಹಿಂಬಾಲಿಸಿದವು. ಕ್ಯಾಲಿಫೋರ್ನಿಯದಲ್ಲಿ ತಂದೆ ಅಥವಾ ತಾಯಿಯ ಪತ್ರವಿರಬೇಕು. ಬದಲಿ ಕೆಲಸ ಕೊಟ್ಟರೆ ಅದಕ್ಕೂ ಅಷ್ಟೇ ಹೊತ್ತು, ಅಷ್ಟೇ ಶ್ರಮ ಹಿಡಿಯಬೇಕೆಂದೂ ಆ ಕಾನೂನು ಹೇಳುತ್ತದೆ. ನಾವು ಮರೆಯುವುದು ಈ ಎರಡನೆಯ ಮಾತನ್ನು. ಪತ್ರ ಬರೆದು ಸುಮ್ಮನಾದರೆ, ಮಿಕ್ಕವರು ಮೇಜಿನ ಸುತ್ತ ನೆರೆದಾಗ ನಮ್ಮ ಮಗು ಲೈಬ್ರರಿಯಲ್ಲಿ ಬಿಟ್ಟ ಸ್ಥಳ ತುಂಬುತ್ತ ಕೂತೀತು. ಜೀವಿಯನ್ನು ಮುಟ್ಟಿ ಕಲಿಯುವ ಅವಕಾಶ ಅಲ್ಲಿಗೆ ತಪ್ಪಿತು.

ಹಾಗಾದರೆ ಏನು ಕೇಳಬೇಕು? ಮ್ಯಾಡಿಸನ್ನಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞ ಪಾಲ್ ವಿಲಿಯಮ್ಸ್ ತಮ್ಮ ಸಂಶೋಧನೆಗೆಂದು ಬಹು ಬೇಗ ಬೆಳೆಯುವ ಒಂದು ತಳಿಯನ್ನು ಆರಿಸಿ ಬೆಳೆಸಿದರು. ಅದೇ ಮುಂದೆ 'ಫಾಸ್ಟ್ ಪ್ಲಾಂಟ್ಸ್' ಎಂದು ಶಾಲೆಗಳಿಗೆ ಬಂತು. ಗಿಡದ ಶಾಸ್ತ್ರೀಯ ಹೆಸರು ಬ್ರಾಸಿಕ ರಾಪ. ನಮಗೆ ಹೊರಗಿನದೇನಲ್ಲ: ಒಗ್ಗರಣೆಯಲ್ಲಿ ಚಟಪಟಗುಟ್ಟುವ ಕಂದು ಸಾಸಿವೆ ಈ ಜಾತಿಗೂ ಕರಿ ಸಾಸಿವೆಗೂ ಹುಟ್ಟಿದ ಸಂತಾನ!

ಹಗಲಿರುಳು ದೀಪದ ಬೆಳಕು ಕೊಟ್ಟರೆ ಎರಡು ವಾರದಲ್ಲಿ ಹೂ, ಸುಮಾರು 40 ದಿನದಲ್ಲಿ ಮತ್ತೆ ಬೀಜ. ಒಂದು ಗಿಡದ ಪರಾಗ ಅದೇ ಗಿಡಕ್ಕೆ ಒಗ್ಗದು. ಆದ್ದರಿಂದ ಮಗುವೇ ದುಂಬಿಯಾಗಿ, ಸಣ್ಣ ಕುಂಚದಿಂದ ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಬೇಕು. ಕೆಲವು ಗಿಡಗಳನ್ನು ಮುಟ್ಟದೆ ಬಿಟ್ಟು ನೋಡಿದರೆ ಕಾಯಿ ಎಲ್ಲಿ ಕಟ್ಟಿತು, ಎಲ್ಲಿ ಕಟ್ಟಲಿಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ. ಪುಸ್ತಕದಲ್ಲಿ ಒಂದು ಸಾಲಾಗಿದ್ದ ಪರಾಗಸ್ಪರ್ಶವನ್ನು ಆ ಮಗು ಇನ್ನು ಮರೆಯಲಾರದು.

ಕಪ್ಪೆಯ ಹೃದಯ ಎಲ್ಲಿದೆ ಎಂಬುದನ್ನು ಈ ಗಿಡ ಕಲಿಸದು, ನಿಜ. ಅದಕ್ಕೆ ಬಿಡಿಸಿ ಜೋಡಿಸುವ ಮಾದರಿಗಳಿವೆ, ಅದನ್ನೂ ಕೇಳೋಣ.

ಮನೆಯಲ್ಲೂ ಆರಂಭಿಸಬಹುದು. ಒಗ್ಗರಣೆ ಡಬ್ಬಿಯಿಂದ ಒಂದು ಚಿಟಿಕೆ ಸಾಸಿವೆ ತೆಗೆದು ಒದ್ದೆ ಹತ್ತಿಯ ಮೇಲೆ ಹರಡಿ. ಮೊಳೆತ ಮೇಲೆ ಒಂದು ಬದಿಗೆ ಮಾತ್ರ ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿಡಿ. ಸಸಿಗಳು ಯಾವ ಕಡೆ ಬಾಗುತ್ತವೆ, ದಿನಕ್ಕೆಷ್ಟು ಬೆಳೆಯುತ್ತವೆ ಎಂದು ಮಗುವೇ ಅಳೆದು ಬರೆದಿಡಲಿ. ಉತ್ತರವನ್ನು ಮಾತ್ರ ನಾವು ಮೊದಲೇ ಹೇಳಿಬಿಡಬಾರದು.

ಮುಂದಿನ ಸಲ ಶಾಲೆಯ ಕಾಗದ ಬಂದಾಗ, "ಬೇಡ" ಎಂಬುದರ ಕೆಳಗೆ ಇನ್ನೊಂದು ಸಾಲು ಸೇರಿಸಿ: "ಬದಲಿಗೆ ಕೈಯಾರೆ ಮಾಡುವ ಕೆಲಸವನ್ನೇ ಕೊಡಿ."