ನೆಲವೆಂಬ ಕಣಜ

ನಂಜನಗೂಡು ಸೀಮೆಯ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವಿದೆ. ಚೈತ್ರ ವೈಶಾಖಗಳ ನಡುಹಗಲಿನಲ್ಲಿ ಇಂತಹ ಹಳೆಯ ಗುಡಿಗಳನ್ನು ಹೊಕ್ಕವರೆಲ್ಲರೂ ಒಂದು ಸಂಗತಿಯನ್ನು ಬಲ್ಲರು. ಹೊರಗೆ ಅಂಗಾಲು ಸುಡುವ ಹಾಸುಗಲ್ಲು. ಒಳಗೆ ಗರ್ಭಗೃಹದ ಮುಂದೆ ನಿಂತರೆ ಮೈಗೆ ಹಿತವಾದ ತಂಪು. ದಪ್ಪವಾದ ಕಲ್ಲು ಬಿಸಿಲಿಗೆ ಬೇಗ ಕಾಯುವುದಿಲ್ಲ. ಗುಡಿಯ ತಳವಾದ ನೆಲವಂತೂ ಕಾಯುವುದೇ ಅಪೂರ್ವ. ಯಂತ್ರವೊಂದೂ ಇಲ್ಲದೆ ದೊರಕುವ ಈ ತಂಪನ್ನು ನಾವು ದೇವರ ಸನ್ನಿಧಿಯ ಗುಣವೆಂದು ಎಣಿಸಿ ಸುಮ್ಮನಾಗಿದ್ದೇವೆ. ಪಶ್ಚಿಮ ದೇಶದವರಾದರೋ ಇದೇ ನೆಲದ ಗುಣವನ್ನು ಕೊಳವೆಗಳಿಂದ ಮೇಲಕ್ಕೆ ತಂದು ತಮ್ಮ ದೊಡ್ಡ ಇಗರ್ಜಿಗಳನ್ನು ಬೇಸಗೆಯಲ್ಲಿ ತಂಪಾಗಿಯೂ ಚಳಿಗಾಲದಲ್ಲಿ ಬೆಚ್ಚಗೂ ಇರಿಸಿಕೊಳ್ಳುತ್ತಿದ್ದಾರೆ. ಅದು ಹೇಗೆ, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನೆಲದ ಈ ಗುಣ ನಮ್ಮ ಹಿರಿಯರಿಗೆ ತಿಳಿಯದುದಲ್ಲ. ಮಾಗಿಯ ಮುಂಜಾವಿನಲ್ಲಿ ಬಾವಿಯ ನೀರು ಬೆಚ್ಚಗಿರುವುದನ್ನೂ ಬೇಸಗೆಯ ಮಧ್ಯಾಹ್ನದಲ್ಲಿ ಅದೇ ನೀರು ತಣ್ಣಗಿರುವುದನ್ನೂ ನಮ್ಮ ಹೆಣ್ಣುಮಕ್ಕಳು ದಿನವೂ ಕಂಡವರು. ವಾಸ್ತವವಾಗಿ ನೀರು ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಬದಲಾಗುವುದು ಹೊರಗಿನ ಗಾಳಿ, ಅದರೊಡನೆ ನಮ್ಮ ಮೈ. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಪಾಡಿದ ರೈತನಿಗೂ, ಗಾಳಿಯಾಡದ ಆ ಗುಣದೊಡನೆ, ನೆಲದೊಳಗಿನ ಈ ಸಮಸ್ಥಿತಿ ನೆರವಾಯಿತು.

ಹಗಲು ರಾತ್ರಿಗಳ ಏರಿಳಿತ ನೆಲದಲ್ಲಿ ಎರಡು ಮೂರು ಅಡಿ ಇಳಿಯುವಷ್ಟರಲ್ಲಿ ಅಡಗಿಹೋಗುತ್ತದೆ. ಋತುಗಳ ಏರಿಳಿತ ಸುಮಾರು 30 ಅಡಿಯ ಹೊತ್ತಿಗೆ ಬಹುಮಟ್ಟಿಗೆ ಶಾಂತವಾಗುತ್ತದೆ. ಅಲ್ಲಿ ನೆಲದ ಉಷ್ಣತೆ ಆಯಾ ಊರಿನ ಇಡೀ ವರ್ಷದ ಸರಾಸರಿಗೆ ಹತ್ತಿರವಾಗಿ ನಿಲ್ಲುತ್ತದೆ. ಪ್ಯಾರಿಸ್ಸಿನ ವೇಧಶಾಲೆಯ ನೆಲಮಾಳಿಗೆಯಲ್ಲಿ, 28 ಮೀಟರು ಆಳದಲ್ಲಿ, ಹದಿನೆಂಟನೆಯ ಶತಮಾನದಲ್ಲಿಯೇ ಉಷ್ಣಮಾಪಕವನ್ನಿಟ್ಟು ಪಂಡಿತರು ಈ ಸ್ಥಿರತೆಯನ್ನು ಕಂಡುಕೊಂಡಿದ್ದರು.

ಇನ್ನು ಯಂತ್ರದ ಮಾತು. ಮನೆಯ ರೆಫ್ರಿಜರೇಟರಿನ ಹಿಂಬದಿಯನ್ನು ಮುಟ್ಟಿದವರಿಗೆ ಅದು ಬೆಚ್ಚಗಿರುವುದು ತಿಳಿದಿದೆ. ಆ ಪೆಟ್ಟಿಗೆ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಹೊರಗೆ ಸುರಿಯುತ್ತದೆ. ಏತವು ನೀರನ್ನು ತಗ್ಗಿನಿಂದ ಎತ್ತರಕ್ಕೆ ಎತ್ತುವಂತೆ, ಈ ಶಾಖದ ಏತವು ತಂಪಾದ ಎಡೆಯಿಂದ ಬಿಸಿಯಾದ ಎಡೆಗೆ ಶಾಖವನ್ನು ಎತ್ತುತ್ತದೆ. ಇಂತಹ ಯಂತ್ರದಿಂದ ಕಟ್ಟಡಗಳನ್ನು ಬೆಚ್ಚಗಾಗಿಸಬಹುದೆಂದು ಲಾರ್ಡ್ ಕೆಲ್ವಿನ್ನರು 1852ರಲ್ಲಿ ತೋರಿಸಿದರು. ಶಾಖವನ್ನು ನೆಲದಿಂದಲೇ ಪಡೆಯುವ ಉಪಾಯಕ್ಕೆ 1912ರಲ್ಲಿ ಸ್ವಿಟ್ಜರ್ಲೆಂಡಿನ ಹೈನ್ರಿಕ್ ಝೊಲಿಯವರು ಸನ್ನದು ಪಡೆದರು. ಬೇಸಗೆಯಲ್ಲಿ ಕಟ್ಟಡದ ಶಾಖವನ್ನು ನೆಲಕ್ಕೆ ಇಳಿಸುವುದು, ಚಳಿಗಾಲದಲ್ಲಿ ನೆಲದ ಶಾಖವನ್ನು ಕಟ್ಟಡಕ್ಕೆ ಏರಿಸುವುದು: ಇದಿಷ್ಟೇ ಇದರ ಮರ್ಮ. ಒಂದು ಪಾಲು ವಿದ್ಯುಚ್ಛಕ್ತಿಯನ್ನು ವ್ಯಯಮಾಡಿದರೆ ಮೂರು ನಾಲ್ಕು ಪಾಲು ಶಾಖವನ್ನು ಸಾಗಿಸಬಹುದಾದುದರಿಂದ ಖರ್ಚಿನಲ್ಲಿ ಬಹಳ ಉಳಿತಾಯವಾಗುತ್ತದೆ.

ನ್ಯೂಯಾರ್ಕ್ ನಗರದ ಸೇಂಟ್ ಪ್ಯಾಟ್ರಿಕ್ ಮಹಾದೇವಾಲಯವು 1879ರಲ್ಲಿ ಪ್ರಾರ್ಥನೆಗೆ ತೆರೆದ ಕಟ್ಟಡ. ಅದರ ಜೀರ್ಣೋದ್ಧಾರದ ಸಂದರ್ಭದಲ್ಲಿ ಅಕ್ಕಪಕ್ಕದ ಜಗಲಿಗಳ ಕೆಳಗೆ ಹತ್ತು ಬಾವಿಗಳನ್ನು ಕೊರೆದರು. ಅವುಗಳಲ್ಲಿ ಆಳವಾದವು 2,200 ಅಡಿಯವರೆಗೆ ಇಳಿದಿವೆ. ಬಾವಿಯ ನೀರನ್ನು ಮೇಲೆತ್ತಿ, ಅದರ ಶಾಖವನ್ನು ಬಳಸಿಕೊಂಡು ಅಥವಾ ಅದಕ್ಕೆ ಶಾಖವನ್ನು ಕೊಟ್ಟು, ಮರಳಿ ಬಾವಿಗೇ ಬಿಡುತ್ತಾರೆ. 2017ರಿಂದ ಈ ವ್ಯವಸ್ಥೆ ನಡೆಯುತ್ತಿದೆ. ಶಿಖರಗಳ ಅಂದವನ್ನು ಕೆಡಿಸುವ ಯಂತ್ರಗೋಪುರವನ್ನು ಮಾಳಿಗೆಯ ಮೇಲೆ ನಿಲ್ಲಿಸಬೇಕಾಗಲಿಲ್ಲ. ಪ್ರಾರ್ಥನೆಯ ಮೌನಕ್ಕೂ ಭಂಗವಿಲ್ಲ.

ಇಂಗ್ಲೆಂಡಿನ ಬಾತ್ ನಗರದ ಕಥೆ ಬೇರೆ. ಅಲ್ಲಿ ನೆಲವೇ ಬಿಸಿನೀರನ್ನು ಉಕ್ಕಿಸುತ್ತದೆ. ಸುಮಾರು 46 ಡಿಗ್ರಿಯಷ್ಟು ಬಿಸಿಯಾದ ನೀರು ದಿನವೊಂದಕ್ಕೆ ಹತ್ತು ಲಕ್ಷ ಲೀಟರಿಗೂ ಮಿಗಿಲಾಗಿ ಚಿಮ್ಮಿ, ರೋಮನರು ಕಟ್ಟಿದ ಹಳೆಯ ಮೋರಿಯಲ್ಲಿ ಹರಿದು ನದಿಯನ್ನು ಸೇರುತ್ತಿತ್ತು. ಆ ಮೋರಿಯಲ್ಲಿ ಶಾಖವನ್ನು ಹೀರುವ ಲೋಹದ ಫಲಕಗಳನ್ನಿಟ್ಟು, 2021ರಿಂದ ಬಾತ್ ಅಬ್ಬೆಯ ನೆಲವನ್ನು ಬೆಚ್ಚಗಾಗಿಸುತ್ತಿದ್ದಾರೆ. ಎರಡು ಸಾವಿರ ವರ್ಷ ವ್ಯರ್ಥವಾಗಿ ಹರಿದ ಶಾಖ ಈಗ ಭಕ್ತರ ಅಂಗಾಲಿಗೆ ಸುಖವಾಗಿದೆ. ನಮ್ಮ ನಾಡಿನಲ್ಲಿ ಇಂತಹ ಬಿಸಿನೀರಿನ ಚಿಲುಮೆಯೆಂದು ಹೆಸರಾದುದು ಪುತ್ತೂರಿನ ಬಳಿಯ ಇರ್ದೆಯ ಬೆಂದ್ರುತೀರ್ಥವೊಂದೇ; ಆದರೆ ಆ ಸೆಕೆಯ ಸೀಮೆಯಲ್ಲಿ ಬೆಚ್ಚನೆಯ ನೆಲವನ್ನು ಬಯಸುವವರು ಯಾರು?

ಹಾಗಾದರೆ ಮೈಸೂರಿನ ಸೇಂಟ್ ಫಿಲೋಮಿನಾ ಇಗರ್ಜಿಗೋ ನಮ್ಮೂರಿನ ಪ್ರಾರ್ಥನಾಮಂದಿರಗಳಿಗೋ ನ್ಯೂಯಾರ್ಕಿನ ವಿಧಾನವನ್ನು ತರಬಹುದೇ? ತರಲು ಅಸಾಧ್ಯವೇನೂ ಅಲ್ಲ. ಆದರೆ ತರುವ ಮುನ್ನ ಎರಡು ವಿಷಯಗಳನ್ನು ಯೋಚಿಸಬೇಕು.

ಮೊದಲನೆಯದು, ನೆಲದ ಸ್ವಭಾವ. ನ್ಯೂಯಾರ್ಕಿನ ನೆಲದೊಳಗೆ ಸುಮಾರು 12-13 ಡಿಗ್ರಿ. ಮೈಸೂರು ಸೀಮೆಯ ನೆಲದೊಳಗೆ ಸುಮಾರು 25ರಿಂದ 27 ಡಿಗ್ರಿ. ಏಪ್ರಿಲಿನ 35 ಡಿಗ್ರಿಯ ಮುಂದೆ ಇದು ತಂಪೇ ಸರಿ. ಆದರೂ ಆ ದೇಶದಷ್ಟು ಲಾಭವನ್ನು ಇಲ್ಲಿ ನಿರೀಕ್ಷಿಸಲಾಗದು.

ಎರಡನೆಯದು ಇದಕ್ಕಿಂತಲೂ ಮುಖ್ಯವಾದುದು. ನೆಲವು ತಂಪಿನ ಗಣಿಯಲ್ಲ, ಶಾಖದ ಕಣಜ. ನ್ಯೂಯಾರ್ಕಿನವರು ಬೇಸಗೆಯಲ್ಲಿ ಕಣಜಕ್ಕೆ ತುಂಬಿದುದನ್ನು ಹಿಮ ಬೀಳುವ ತಿಂಗಳುಗಳಲ್ಲಿ ತೆಗೆದು ಉಣ್ಣುತ್ತಾರೆ; ಲೆಕ್ಕ ಸರಿಹೋಗುತ್ತದೆ. ನಮ್ಮಲ್ಲಿ ಕಟ್ಟಡವನ್ನು ಕಾಯಿಸಬೇಕಾದ ಚಳಿಯೇ ಇಲ್ಲ. ವರ್ಷವಿಡೀ ಶಾಖವನ್ನು ತುಂಬುತ್ತಲೇ ಹೋದರೆ ಬಾವಿಯ ಸುತ್ತಣ ನೆಲ ವರ್ಷದಿಂದ ವರ್ಷಕ್ಕೆ ಬಿಸಿಯೇರಿ, ಯಂತ್ರದ ಶಕ್ತಿ ಕುಗ್ಗುತ್ತದೆ. ತುಂಬುವವನು ಮಾತ್ರ ಇದ್ದು ತೆಗೆಯುವವನಿಲ್ಲದ ಕಣಜ ಒಡೆಯದೆ ಏನು ಮಾಡೀತು? ಇದರೊಡನೆ ವಾರಕ್ಕೆ ಕೆಲವೇ ಗಂಟೆ ಜನ ಸೇರುವ ಮಂದಿರಕ್ಕೆ ಭಕ್ತರ ಹಣದಿಂದ ಆಳವಾದ ಬಾವಿಗಳನ್ನು ಕೊರೆಸುವುದು ವಿವೇಕವೇ ಎಂಬುದನ್ನೂ ನೋಡಬೇಕು. ಕುಡಿಯುವ ನೀರಿಗಾಗಿಯೇ ನೂರಾರು ಅಡಿ ಕೊರೆದು ಬರಿಯ ದೂಳನ್ನು ಕಂಡ ಹಳ್ಳಿಗಳು ನಮ್ಮಲ್ಲಿ ಕಡಮೆಯಲ್ಲ.

ಆದುದರಿಂದ ನಾವು ಅನುಕರಿಸಬೇಕಾದುದು ತತ್ತ್ವವನ್ನು, ಯಂತ್ರವನ್ನಲ್ಲ. ಹೊಸ ಮಂದಿರವನ್ನಾಗಲಿ ಮನೆಯನ್ನಾಗಲಿ ಕಟ್ಟಿಸುವವರು ಗೋಡೆಗೆ ದಪ್ಪವನ್ನೂ ಮಾಡಿಗೆ ಎತ್ತರವನ್ನೂ ಕೊಡಲಿ. ಬಿಸಿಗಾಳಿ ಮೇಲಿನಿಂದ ಹೊರಡಲು ಗವಾಕ್ಷಗಳನ್ನು ಇರಿಸಲಿ. ಪಡುವಲ ಬಿಸಿಲಿಗೆ ಹೊಂಗೆಯನ್ನೋ ಬೇವನ್ನೋ ಅಡ್ಡ ನಿಲ್ಲಿಸಲಿ. ಹಗಲು ಕಿಟಕಿಗಳನ್ನು ಮುಚ್ಚಿ ರಾತ್ರಿ ತೆರೆದರೆ, ಮೈಸೂರು ಸೀಮೆಯ ತಂಪಾದ ರಾತ್ರಿಯೇ ಗೋಡೆಗಳೆಂಬ ಕಣಜವನ್ನು ಬರಿದುಮಾಡಿ ಮರುದಿನಕ್ಕೆ ಅಣಿಗೊಳಿಸುತ್ತದೆ. ಹಗಲು ತುಂಬಿದ ಶಾಖವನ್ನು ಇರುಳು ತೆಗೆದುಬಿಡುವುದು: ನ್ಯೂಯಾರ್ಕಿನವರು ಋತುಗಳಲ್ಲಿ ಮಾಡುವ ಲೆಕ್ಕವನ್ನು ನಾವು ದಿನವೊಂದರಲ್ಲಿಯೇ ಮುಗಿಸಬಹುದು.

ಯಂತ್ರಕ್ಕೆ ನಮ್ಮಲ್ಲಿ ಎಡೆಯೇ ಇಲ್ಲವೆಂದು ಇದರ ಅರ್ಥವಲ್ಲ. ಹಗಲಿರುಳೂ ನಡೆಯುವ ಆಸ್ಪತ್ರೆಗೂ ವಿದ್ಯಾರ್ಥಿನಿಲಯಕ್ಕೂ ತಂಪಾದ ಕೋಣೆಯೂ ಬೇಕು, ಸ್ನಾನಕ್ಕೆ ಬಿಸಿನೀರೂ ಬೇಕು. ಕೋಣೆಯಿಂದ ತೆಗೆದ ಶಾಖವನ್ನು ನೀರಿಗೆ ಕೊಟ್ಟರೆ ಕಣಜದ ಮೇಲಿನ ಭಾರ ಇಳಿಯುತ್ತದೆ. ನಮ್ಮ ಸೀಮೆಯ ರೇಷ್ಮೆಗಾರರಿಗೂ ಇಲ್ಲಿ ಒಂದು ಸೂಚನೆಯಿದೆ. ರೇಷ್ಮೆಹುಳು ಬಯಸುವುದು 24ರಿಂದ 28 ಡಿಗ್ರಿಯ ಹವೆಯನ್ನು. ನಮ್ಮ ನೆಲ ತನ್ನ ಒಡಲಿನಲ್ಲಿ ಇಟ್ಟುಕೊಂಡಿರುವುದೂ ಸರಿಸುಮಾರು ಅದನ್ನೇ. ದುಬಾರಿಯ ಯಂತ್ರವಿಲ್ಲದೆ, ಹೂತ ಕೊಳವೆಗಳ ಮೂಲಕ ಗಾಳಿಯನ್ನು ಹಾಯಿಸಿ ಹುಳುಮನೆಗೆ ತರುವ ಪ್ರಯೋಗವನ್ನು ತಿಳಿದವರು ಮಾಡಿ ನೋಡುವುದು ಒಳ್ಳೆಯದು. ಕೊಳವೆಯಲ್ಲಿ ತೇವ ನಿಂತು ಬೂಷ್ಟು ಹಿಡಿಯದಂತೆ ಎಚ್ಚರವಿರಬೇಕು.

ಪರದೇಶದ ವಿದ್ಯೆಯನ್ನು ಕಂಡು ಬೆರಗಾಗುವುದು ತಪ್ಪಲ್ಲ. ಅದನ್ನು ನಮ್ಮ ನೆಲದ ಮೇಲಿಟ್ಟು ಅಳೆದು ನೋಡುವುದು ಮೇಲು. ಹಾಗೆ ಅಳೆದಾಗ, ಹೆಡತಲೆಯ ಗುಡಿಯಂತಹವನ್ನು ಕಟ್ಟಿದ ಕಲ್ಲುಕುಟಿಗರ ಕೆಲಸಕ್ಕೆ ನಮ್ಮ ಕಣ್ಣಿನಲ್ಲಿ ಬೆಲೆ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.